ದ್ವಾದಶಿಯ ಪಾರಣೆ

ಮದ್ದೂರು
೯-೨-೧೯೩೭

ಚಿರಂಜೀವಿ ಕಸ್ತೂರಿರಂಗನಿಗೆ ನಿನ್ನ ತಾಯಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ. ಭಾನುವಾರ ಮಂಡ್ಯದಿಂದ ಬಂದು ಆಂಡಾಳನ್ನೂ ಮಗುವನ್ನೂ ಕರೆದೊಯ್ಯುತ್ತೇನೆಂದು ತಿಳಿಸಿದ್ದೀಯೆ. ಬರಬೇಡ. ಬಾಣಂತನ ಮುಗಿಸಿಕೊಂಡು ನಿನ್ನ ಹೆಂಡತಿ ಮಳವಳ್ಳಿಯ ತವರಿನಿಂದ ನನ್ನ ಮನೆಗೆ ಬಂದಿದ್ದಾಳೆ. ನಾನು ಕಳಿಸುವವರೆಗೂ ಇಲ್ಲೇ ಇರುತ್ತಾಳೆ.

ಬಂದಾಗಿನಿಂದ ಅವಳಿಗೆ ಶನಿವಾರ ಉಪವಾಸ, ಶ್ರವಣ ನಕ್ಷತ್ರಕ್ಕೆ ಉಪವಾಸ, ಏಕಾದಶಿಗಂತೂ ತೊಟ್ಟು ನೀರಿಲ್ಲ. ನಾನು ಹಿಗ್ಗಿದೆ. ಮನೆಗೆ ಬಂದ ಹೆಂಗಸರಿಗೆಲ್ಲ ನನ್ನ ಸೊಸೆಯನ್ನು ನೋಡಿ ಕಲಿಯಿರಿ ಎಂದೆ. ಎದೆಹಾಲು ಸಾಲದೆ ಮಗು ರಚ್ಚೆ ಹಿಡಿದರೆ, ಹಲ್ಲು ಬರುವ ಕಾಲ ಎಂದೆ. ಹಾಲು ತರುವ ಚಿಕ್ಕಬೋರಮ್ಮ ಜಗಲಿಯಲ್ಲಿ ನಿಂತು, "ಅಮ್ಮಾವ್ರೇ, ಮಗ ಅಳೋದು ಬೀದಿಗೆಲ್ಲ ಕೇಳ್ತದೆ. ಸೊಸೆಗೆ ಒಟ್ಟೆಗೆ ಇಕ್ಕಾಕಿಲ್ವಾ ಎಂಗೆ?" ಎಂದಳು. ನಿನ್ನ ಕೆಲಸ ನೋಡಿಕೋ ಎಂದು ಗದರಿಸಿ ಕಳಿಸಿದೆ. ಸೊಸೆಯನ್ನು ಉಪವಾಸ ಕೆಡವುವ ಅತ್ತೆ ಎಂದು ನನಗೆ ಹೆಸರು ಬರುವುದೊಂದು ಬಾಕಿಯಿತ್ತು.

ಮೊನ್ನೆ ದ್ವಾದಶಿ. ಏಕಾದಶಿ ಇದ್ದವರು ಬೆಳಗ್ಗೆಯೇ ಪಾರಣೆ ಮಾಡಬೇಕು, ಉಣ್ಣದಿದ್ದರೆ ವ್ರತವೇ ಕೆಟ್ಟಿತು. ಇದು ನಿನಗೂ ಗೊತ್ತು. ಬಿಸಿ ಅನ್ನ, ತುಪ್ಪ, ಅಗಸೆ ಸೊಪ್ಪಿನ ಪಲ್ಯ ಬಡಿಸಿ ನಾನು ದೇವರ ಮನೆಗೆ ಹೋದೆ. ತಿರುಗಿ ಬಂದಾಗ ಎಲೆ ಬರಿದಾಗಿತ್ತು. ಸಂತೋಷವಾಯಿತು. ಹಿತ್ತಲಿಗೆ ಹೋಗಿ ನೋಡಿದರೆ ಕಲಗಚ್ಚಿನ ಬಾನಿಯಲ್ಲಿ ಅದೇ ಅನ್ನ, ಮೇಲೆ ತುಪ್ಪ ತೇಲುತ್ತಿತ್ತು. ದೇವರಿಗಾಗಿ ಹಸಿದವಳು ಪಾರಣೆಯ ಅನ್ನವನ್ನು ಹಸುವಿಗೆ ಹಾಕುವುದಿಲ್ಲ. ಇದು ಯಾವ ದೇವರಿಗೆ ಎಂದು ಕೇಳಿದೆ. ಬಾವಿಕಟ್ಟೆ ಹಿಡಿದು ನಿಂತಿದ್ದವಳು ಹಾಗೆಯೇ ಕುಸಿದಳು.

ಎಚ್ಚರವಾದ ಮೇಲೆ, "ಬೈಬೇಡಿ ಅತ್ತೆ, ಇನ್ನು ನಾಲ್ಕು ಬೆರಳು ಇಳಿದರೆ ಸಾಕು" ಎಂದು ಸೆರಗಿನ ಗಂಟಿನಿಂದ ಒಂದು ದಾರ ತೆಗೆದು ತೋರಿಸಿದಳು. ನೀನು ಅಳೆದು ಕೊಟ್ಟದ್ದಂತೆ. ಅದು ಅವಳ ಸೊಂಟವನ್ನು ಪೂರ್ತಿ ಸುತ್ತಿ ಬಂದ ದಿನ ನಿನ್ನ ಜೊತೆ ಕ್ಲಬ್ಬಿಗೆ ಬರಬಹುದಂತೆ. ನಾಮಕರಣಕ್ಕೆ ಸ್ನೇಹಿತರನ್ನು ಕರೆದುಕೊಂಡು ಹೋಗಿದ್ದೆಯಲ್ಲ, ಅವರ ಮುಂದೆ, "ನಮ್ಮ ಮನೆಗೆ ಒರಳುಕಲ್ಲು ಕೊಳ್ಳೋದು ಬೇಡ, ಮಾವನವರೇ ಕೊಟ್ಟಿದ್ದಾರೆ" ಎಂದೆಯಂತೆ. ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ.

ದಾರವನ್ನು ಒಲೆಗೆ ಹಾಕಿದೆ. ಡಾಕ್ಟರನ್ನು ಕರೆಸಿದೆ. ಮೈಯಲ್ಲಿ ರಕ್ತವೇ ಇಲ್ಲ, ಹೀಗೇ ಬಿಟ್ಟರೆ ತಾಯಿ ಉಳಿಯುವ ಭರವಸೆ ಕೊಡಲಾರೆ ಎಂದರು. ನೀನು ಹುಟ್ಟಿದಾಗ ನಾನೂ ಅವಳಷ್ಟೇ ದಪ್ಪ ಇದ್ದೆ. ಆ ಮೈಯ ಹಾಲು ಕುಡಿದೇ ನೀನು ಇಂಜಿನಿಯರಾದದ್ದು. ನಿನ್ನ ತಂದೆ ಯಾವತ್ತೂ ನನಗೆ ದಾರ ಹಿಡಿಯಲಿಲ್ಲ. ಹಿಡಿದಿದ್ದರೆ ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು.

ಈಗ ಅವಳು ನನ್ನ ಎದುರಿಗೆ ಕೂತು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಾಳೆ. ನಾನು ಬಡಿಸಿದ್ದನ್ನು ಬೇಡ ಎನ್ನುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ಆದ್ದರಿಂದ ನಿನ್ನ ಅಗತ್ಯ ನಮಗಿಲ್ಲ. ನಿನ್ನ ಕ್ಲಬ್ಬು, ನಿನ್ನ ಸ್ನೇಹಿತರು ನಿನಗಿರಲಿ.

ಇಂತು ನಿನ್ನನ್ನು ಹೆತ್ತವಳು,
ಪಂಕಜಮ್ಮ

ಮತ್ತೆ: ಊಟದ ವಿಷಯ ಬರೆದದ್ದು ಸುಳ್ಳು. ಎರಡು ದಿನದಿಂದ ಅವಳು ತುತ್ತು ಮುಟ್ಟಿಲ್ಲ. ಗದರಿಸಿದೆ. ಕೊನೆಗೆ ಕೈಯನ್ನೂ ಮುಗಿದೆ. "ಅವರು ಬಂದು ಉಣ್ಣು ಅನ್ನಲಿ ಅತ್ತೆ, ಉಣ್ತೀನಿ" ಎನ್ನುತ್ತಾಳೆ, ಅಷ್ಟೇ. ಕಾಗದವನ್ನು ಅಂಚೆಗೆ ಹಾಕದೆ ಗದ್ದೆ ನೋಡಿಕೊಳ್ಳುವ ಸಿದ್ದರಾಜುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರದವರೆಗೆ ಕಾಯಬೇಡ, ಅವನ ಜೊತೆಯಲ್ಲೇ ರೈಲು ಹತ್ತಿ ಬಾ. ನಾನು ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ.