ನೀವು ಮೆಚ್ಚಿದ ಕೊನೆಯ ಭಾಗ ನನ್ನ ತಮ್ಮನ ರಚನೆಯಲ್ಲ

ಅಂತಾರಾಷ್ಟ್ರೀಯ ಸಂಗೀತ ರಚನಾ ಸ್ಪರ್ಧೆಯ ತೀರ್ಪುಗಾರರ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನಿಮ್ಮ ತೀರ್ಪುಗಾರರು ಕಣ್ಣು ಮುಚ್ಚಿ ಕೇಳಿ ತಲೆದೂಗಿದ್ದು ನನ್ನ ತಮ್ಮನ ಕೊಲೆಗೆ. ಇದನ್ನು ನಿಮಗೆ ಮೊದಲೇ ಖಾಸಗಿಯಾಗಿ ಬರೆದು ತಿಳಿಸಿದ್ದೆ. ನೀವು ಎರಡು ಸಾಲು ಸಂತಾಪ ಬರೆದು, ಜೊತೆಗೆ ನಿಯಮಾವಳಿಯ ಒಂದು ಪುಟ ಲಗತ್ತಿಸಿ ಕಳಿಸಿದಿರಿ. ಆದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಮಲಗುವ ಮುನ್ನ ನಾಲ್ಕು ಸಾಲು ಬರೆದಿಡುವುದು ಬಿಟ್ಟರೆ ಬರವಣಿಗೆಯ ರೂಢಿಯಿಲ್ಲ. ತಮ್ಮನ ತಂಡದಲ್ಲಿ ಕ್ಲಾರಿನೆಟ್ ಊದುವ ಹುಡುಗಿ ಇದನ್ನು ನಿಮ್ಮ ಭಾಷೆಗೆ ತಿರುಗಿಸಿ ಕಳಿಸುತ್ತಾಳೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ದೊಡ್ಡದನ್ನೇ ಹಾಕಿಕೊಂಡವರಿಗೆ ಅದೇನು ಮಹಾ.

ತಮ್ಮನನ್ನು ಮನೆಯಲ್ಲಿ ಟಕಟಕ ಎನ್ನುತ್ತಿದ್ದೆವು. ತಟ್ಟೆ, ಕಿಟಕಿ, ನನ್ನ ಬೆನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನೇ. ದೊಡ್ಡವನಾದ ಮೇಲೆ ಅದೇ ಲಾಂಡ್ರಿಯಲ್ಲಿ ಒಗೆಯುವ ಯಂತ್ರಗಳ ಕೆಲಸಕ್ಕೆ ಸೇರಿದ.

“ಅಕ್ಕಾ, ಆ ಹಬೆ ಒಂಚೂರು ನಿಲ್ಸು. ಈ ಯಂತ್ರ ಯಾವ ಶ್ರುತೀಲಿ ತಿರುಗ್ತಿದೆ ಕೇಳು.”

“ಹಸಿದ ಹೊಟ್ಟೆ ಶ್ರುತಿ ಕಣೋ. ಬಾ, ಡಬ್ಬಿ ಬಿಚ್ಚಿದೀನಿ.”

“ನಿಂಗೆ ಸಂಗೀತ ಅಂದ್ರೇನೇ ಆಗಲ್ಲ.”

“ನಿನ್ನ ಸಂಗೀತ ಅನ್ನು, ಒಪ್ಕೋತೀನಿ.”

ಅವನಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಪ್ರತಿಯೊಬ್ಬರ ಭಾಗವನ್ನೂ ಬಾಯಲ್ಲಿ ಹಾಡಿ ತೋರಿಸುತ್ತಿದ್ದ, ಜೊತೆಗಾರರು ಕೇಳಿ ಕೇಳಿ ಕಲಿಯುತ್ತಿದ್ದರು. ಮೊದಲ ಸುತ್ತಿಗೆ ಧ್ವನಿಮುದ್ರಣವೊಂದೇ ಸಾಕು, ಆದರೆ ಆದಿಯಿಂದ ಅಂತ್ಯದವರೆಗೆ ಒಂದೇ ಸಲಕ್ಕೆ ನುಡಿಸಿರಬೇಕು, ಎಲ್ಲೂ ಕತ್ತರಿ ಹಾಕಿರಬಾರದು ಎಂಬ ನಿಮ್ಮ ನಿಯಮ ಓದಿ ಅವನು ಕುಣಿದದ್ದು ನನಗೆ ನೆನಪಿದೆ. ಅವನ ರಚನೆಯ ಕೊನೆ ಹೇಗಿತ್ತು ಗೊತ್ತೇ? ಸಂಜೆ ಲಾಂಡ್ರಿ ಮುಚ್ಚುವಾಗ ಯಂತ್ರಗಳು ಒಂದೊಂದಾಗಿ ನಿಲ್ಲುತ್ತವಲ್ಲ, ಹಾಗೆ ವಾದ್ಯಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಕಡೆಗೆ ಕ್ಲಾರಿನೆಟ್ಟಿನ ಒಂದೇ ಸ್ವರ, ಎಳೆ ಎಳೆಯಾಗಿ ಸಣ್ಣಗಾಗುತ್ತ, ಇದೆಯೋ ಇಲ್ಲವೋ ಅನ್ನುವವರೆಗೆ. ನೀವು ಅದನ್ನು ಕೇಳಿಯೇ ಇಲ್ಲ. ಅಲ್ಲಿಯವರೆಗೆ ಅವನನ್ನು ಬಿಡಲಿಲ್ಲ.

ಲಾಂಡ್ರಿಯ ಹಿಂದಿನ ಗೋದಾಮಿನಲ್ಲಿ ತಾಲೀಮು ಮಾಡಲು ಮಾಲೀಕ ಬಾಯಿಮಾತಿನಲ್ಲಿ ಹೂಂ ಅಂದಿದ್ದ. ಆಮೇಲೆ ಕೊಳ್ಳುವವರು ಸಿಕ್ಕರು, ಖಾಲಿ ಮಾಡಿ ಅಂದ. “ಮುದ್ರಣ ಒಂದು ಮುಗೀಲಿ ಸಾರ್, ಭಾನುವಾರ ನಾವೇ ಗುಡಿಸಿ ಕೊಡ್ತೀವಿ” ಎಂದು ತಮ್ಮ ಬೇಡಿಕೊಂಡ. ಆಗಲಿ ಅಂದವನು ಶನಿವಾರವೇ ಮೂವರನ್ನು ಕಳಿಸಿದ. ಕೈಯಲ್ಲಿ ಕಬ್ಬಿಣದ ಸಲಾಕೆ ಕೊಟ್ಟು ಕಳಿಸಿದ.

ಈಗ, ರಚನೆ ಅಂತಿಮ ಸುತ್ತಿಗೆ ಆಯ್ಕೆಯಾಯಿತೆಂದು ಬರೆದ ನಿಮ್ಮ ಅಭಿನಂದನಾ ಪತ್ರಕ್ಕೆ ಬರುತ್ತೇನೆ. ‘ಲೋಹದ ಅನಿರೀಕ್ಷಿತ ಪ್ರವೇಶ’ ಎಂದು ಹೊಗಳಿದ್ದೀರಿ. ಅದು ಬಾಗಿಲಿನ ಚಿಲಕ ಕಿತ್ತು ಬಂದದ್ದು. ‘ತಂತಿವಾದ್ಯವನ್ನೇ ಒಡೆಯುವ ಎದೆಗಾರಿಕೆ’ ಎಂದಿದ್ದೀರಿ. ಚೆಲ್ಲೋ ಮತ್ತು ಚೆಲ್ಲೋ ನುಡಿಸುವವನ ಮೊಣಕೈ ಒಟ್ಟಿಗೆ ಮುರಿದವು, ಯಾವ ಸದ್ದು ಯಾವುದರದ್ದೆಂದು ಅವನಿಗೂ ತಿಳಿಯದು. ‘ಮೃದು ವಸ್ತುವಿನ ಮೇಲೆ ಮಂದ್ರದ ಬಡಿತ, ಬೇಕೆಂದೇ ತಪ್ಪಿಸಿದ ಲಯ’ ಎಂದು ಬರೆದಿದ್ದೀರಿ. ಅದು ನನ್ನ ತಮ್ಮನ ತಲೆ, ಮಾನ್ಯರೇ. ಅವನು ನೆಲದ ಮೇಲೆ ಹೊರಳಾಡುತ್ತಿದ್ದ, ಅದಕ್ಕೇ ಲಯ ತಪ್ಪಿತು. ‘ತಳದಲ್ಲಿ ಗುನುಗುವ, ಅರ್ಥಕ್ಕೆ ಸಿಗದ ಮಾತು’ ನಿಮಗೆ ರೋಮಾಂಚನ ತಂದಿತಂತೆ. ನಮಗೆ ಅರ್ಥ ಸಿಗುತ್ತದೆ. “ಸಾಕ್ ಬಿಡೋ, ಯಜಮಾನ್ರು ಕೈಕಾಲು ಅಷ್ಟೇ ಅಂದಿದ್ರು” ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದಾನೆ.

ಕ್ಲಾರಿನೆಟ್ ಹುಡುಗಿ ಬಟ್ಟೆಗಂಟುಗಳ ಹಿಂದೆ ಅವಿತು ಉಳಿದಳು. ಆ ಮಾತನ್ನು ಅಲ್ಲಿಂದಲೇ ಕೇಳಿಸಿಕೊಂಡವಳು ಅವಳು. ಕಪಾಟಿನ ಮೇಲಿಟ್ಟಿದ್ದ ಅವಳ ಫೋನು ಎಲ್ಲವನ್ನೂ ಮುದ್ರಿಸಿಕೊಳ್ಳುತ್ತಲೇ ಇತ್ತು. ಆ ರಾತ್ರಿ ಆಸ್ಪತ್ರೆಯಲ್ಲಿ ತಮ್ಮನ ಮುಖ ನೋಡಿ ನನಗೆ ಗುರುತು ಹತ್ತಲಿಲ್ಲ. ಮುಖ ಅನ್ನುವಂಥದ್ದು ಉಳಿದಿರಲಿಲ್ಲ. ಬಾರಿಸಿ ಬಾರಿಸಿ ಗಂಟು ಬಿದ್ದ ಬೆರಳು ನೋಡಿ ಇವನೇ ಅಂದೆ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾ, ಇವತ್ತೇ ಕೊನೇ ದಿನ. ಕಳಿಸ್ಲಾ?”

“ಕಳ್ಸಮ್ಮಾ. ಎದ್ದ ತಕ್ಷಣ ಅದನ್ನೇ ಕೇಳ್ತಾನೆ.”

ಅದನ್ನು ಮತ್ತೆ ಕೇಳುವ ಶಕ್ತಿ ಅವಳಿಗಿರಲಿಲ್ಲ, ಕತ್ತರಿ ಹಾಕಬಾರದೆಂಬ ನಿಮ್ಮ ನಿಯಮವೂ ಇತ್ತು. ಇದ್ದದ್ದು ಇದ್ದ ಹಾಗೆ ಕಳಿಸಿದಳು. ತಮ್ಮ ಏಳಲಿಲ್ಲ.

ಠಾಣೆಯಲ್ಲಿ ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿಕೊಂಡೇ ಮಾತಾಡಿದರು. “ಕುಡಿದು ಮೆಟ್ಟಿಲಿಂದ ಬಿದ್ದಿದಾನಮ್ಮಾ. ಮಾಲೀಕರೇ ಹೇಳಿದಾರೆ.”

“ಸಾರ್, ಆ ಗೋದಾಮಿಗೆ ಮೆಟ್ಟಿಲೇ ಇಲ್ಲ.”

“ಹಾಗಾದ್ರೆ ಹೊಸಿಲು ಎಡವಿರ್ಬೇಕು.”

ಹೊಸಿಲು ಎಡವಿದವನ ತಲೆ ಮೂರು ಕಡೆ ಒಡೆಯುತ್ತದೆಯೇ? ಹುಡುಗಿಯ ಫೋನನ್ನು ವಿಚಾರಣೆಗೆಂದು ತೆಗೆದುಕೊಂಡರು. ಮರಳಿ ಬಂದಾಗ ಅದರಲ್ಲಿ ಏನೂ ಇರಲಿಲ್ಲ, ಅವಳ ಅಮ್ಮನ ಫೋಟೋ ಕೂಡ. ನುಡಿಸಿದವರ ಸಾಕ್ಷಿಗೆ ಬೆಲೆಯಿಲ್ಲವಂತೆ, ಅವರೇ ಅಪ್ಪಣೆಯಿಲ್ಲದೆ ಗೋದಾಮಿಗೆ ನುಗ್ಗಿದವರಂತೆ. ಮುಂದಿನ ವಿಚಾರಣೆಯಲ್ಲೂ ಸಾಕ್ಷ್ಯ ಸಿಗದಿದ್ದರೆ ಮೊಕದ್ದಮೆ ಮುಚ್ಚುತ್ತಾರೆ. ಆ ಮೂವರು ಈಗಲೂ ಲಾಂಡ್ರಿಯ ಮುಂದಿನ ರಸ್ತೆಯಲ್ಲೇ ಓಡಾಡುತ್ತಾರೆ. ಅವರಲ್ಲೊಬ್ಬನ ಅಂಗಿಗೆ ಕಳೆದ ವಾರ ನಾನೇ ಇಸ್ತ್ರಿ ಹಾಕಿದೆ. ಇಸ್ತ್ರಿ ಪೆಟ್ಟಿಗೆ ಕಾದಿತ್ತು, ಅವನು ಕೈಯಳತೆಯಲ್ಲೇ ನಿಂತಿದ್ದ. ಆ ಹೊತ್ತಿನಲ್ಲಿ ನನ್ನ ತಲೆಗೆ ಏನು ಬಂತೆಂದು ಕೇಳಬೇಡಿ. ಅಂಗಿ ಮಡಿಸಿ ಕೊಟ್ಟೆ.

ಆ ಧ್ವನಿ ಈಗ ಉಳಿದಿರುವುದು ಜಗತ್ತಿನಲ್ಲಿ ಒಂದೇ ಕಡೆ, ನಿಮ್ಮ ಕಚೇರಿಯಲ್ಲಿ. ಅದನ್ನು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ: ಸ್ಪರ್ಧೆಗೆ ಬಂದ ಮುದ್ರಣವನ್ನು ಮೂರನೆಯವರಿಗೆ ಕೊಡುವಂತಿಲ್ಲ, ರಚನಾಕಾರರು ಸ್ವತಃ ಸಹಿ ಮಾಡಿ ಕೋರತಕ್ಕದ್ದು. ಎಲ್ಲಿಂದ ತರಲಿ ಆ ಸಹಿ? ಮಣ್ಣು ಅಗೆಯಲೇ? ಬೆರಳಚ್ಚು ನಡೆಯುತ್ತದೆಯೇ? ಇತ್ತ ಕೊಡುವಂತಿಲ್ಲ ಅನ್ನುವವರು ಅತ್ತ ದೊಡ್ಡ ಸಭಾಂಗಣದಲ್ಲಿ ಅದನ್ನೇ ನುಡಿಸಲು ಹೊರಟಿದ್ದೀರಿ. ಕರಿ ಕೋಟು ತೊಟ್ಟ ನಿಮ್ಮ ವಾದ್ಯಗಾರರಲ್ಲಿ ಸಲಾಕೆಯನ್ನು ಯಾರ ಕೈಗೆ ಕೊಡುತ್ತೀರಿ? ಮೃದು ವಸ್ತುವಿನ ಜಾಗದಲ್ಲಿ ಏನಿಡುತ್ತೀರಿ, ದಿಂಬೇ? ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಯಾರು ಬಾಗಿ ನಮಸ್ಕರಿಸಬೇಕು? ಆ ಮೂವರನ್ನು ಕರೆಸಿಕೊಳ್ಳಿ. ಆ ಭಾಗ ರಚಿಸಿದವರು ಅವರೇ.

ನಾನು ಕೇಳುವುದು ಇಷ್ಟು. ವಿಚಾರಣೆಗೆ ಮುಂಚೆ ಆ ಮುದ್ರಣವನ್ನು, ಕತ್ತರಿ ಹಾಕದೆ, ನಿಮ್ಮ ಮೊಹರಿನೊಂದಿಗೆ ನೇರವಾಗಿ ನ್ಯಾಯಾಲಯಕ್ಕೆ ಕಳಿಸಿ. ಸಭಾಂಗಣದಲ್ಲಿ ನುಡಿಸಲೇಬೇಕಾದರೆ ಚಿಲಕ ಮುರಿಯುವಲ್ಲಿಗೆ ನಿಲ್ಲಿಸಿ. ಅಲ್ಲಿಂದ ಮುಂದೆ ತಮ್ಮ ಕಟ್ಟಿದ್ದ ಕೊನೆ ಹುಡುಗಿಗೆ ಬರುತ್ತದೆ, ಅವಳನ್ನು ಕರೆಸಿ. ಅವಳು ಮರೆತರೆ ನಾನು ಗುನುಗಿ ತೋರಿಸುತ್ತೇನೆ.

ಇನ್ನೊಂದು ಬಾಕಿಯಿದೆ. ‘ಬಡಿತಗಳ ನಡುವೆ ಎರಡಕ್ಷರದ ಒಂದು ಕೂಗು ಮತ್ತೆ ಮತ್ತೆ ಬರುತ್ತದೆ, ನಮ್ಮ ಗಾಯಕರು ಅಭ್ಯಾಸ ಮಾಡಬೇಕಿದೆ, ಅದರ ಸರಿಯಾದ ಉಚ್ಚಾರಣೆ ಮತ್ತು ಅರ್ಥ ತಿಳಿಸಿ’ ಎಂದು ಮೊದಲ ಪತ್ರದಲ್ಲಿ ಕೇಳಿದ್ದಿರಿ. ಅದಕ್ಕೆ ಉತ್ತರ ಬರೆಯಲು ಆಗ ನನಗೆ ಕೈ ಬರಲಿಲ್ಲ. ಸಂತಾಪದ ಪತ್ರದ ಕೊನೆಯಲ್ಲಿ ಮತ್ತೆ ನೆನಪಿಸಿದ್ದೀರಿ. ಗೋದಾಮಿಗೂ ನನ್ನ ಇಸ್ತ್ರಿ ಮೇಜಿಗೂ ನಡುವೆ ಒಂದೇ ಗೋಡೆ. ಆ ಸಂಜೆ ಹಬೆ ಜೋರಾಗಿತ್ತು, ನನಗೆ ಕೇಳಿಸಲಿಲ್ಲ. ನಿಮಗೆ ಕೇಳಿಸಿದೆ.

ಇಂತಿ,
ನೀವು ಉಚ್ಚಾರಣೆ ಕೇಳಿದ ಆ ಎರಡಕ್ಷರ,
ಅಕ್ಕ