ಎರಡನೇ ಗಂಗಳ

ಕೊಪ್ಪ, ಮದ್ದೂರು ತಾಲ್ಲೂಕು
೧೬-೧-೨೦೨೫, ಗುರುವಾರ

ಪ್ರೀತಿಯ ತೇಜು ಅಪ್ಪನವರಿಗೆ,

ನಿಮ್ಮ ಮೋಹಿನಿಯ ನಮಸ್ಕಾರ. ಆರೋಗ್ಯ ಹೇಗಿದೆ? ಮೋಟಾರ್ ವೈಂಡಿಂಗ್ ಅಂಗಡಿಯ ವಾರ್ನಿಷ್ ವಾಸನೆಗೆ ನಿಮಗೆ ಕೆಮ್ಮು ಬರುತ್ತೆ, ಬಾಗಿಲು ಹಾಕಿಕೊಂಡು ಕೆಲಸ ಮಾಡಬೇಡಿ. ಮಳವಳ್ಳಿಯಲ್ಲಿ ಊಟಕ್ಕೇನು ಮಾಡುತ್ತೀರೋ, ಹೋಟೆಲಿನ ಸಾರು ನಿಮಗೆ ಹಿಡಿಸಲ್ಲ. ತೇಜು ಚೆನ್ನಾಗಿದ್ದಾನೆ. ಮಾವನವರೂ ಇದ್ದಾರೆ, ಮಾತು ಮಾತ್ರ ಕಮ್ಮಿಯಾಗಿದೆ. ನಾನು ಚೆನ್ನಾಗಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದಿ.

ಡೈರಿ ಮುಂದೆ ನಾಲ್ಕು ಜನರ ಎದುರಿಗೆ ಮಾವನವರು "ನನ್ ಮನೆ ಅನ್ನ ಉಣ್ಬ್ಯಾಡ, ಓಗ್ಲಾ" ಅಂದದ್ದು ತಪ್ಪೇ. ಹಾಲಿನ ಕ್ಯಾನು ಅಲ್ಲೇ ಬಿಟ್ಟು ನೀವು ಬಸ್ಸು ಹತ್ತಿದ್ದು, ಇರಲಿ, ಅದಕ್ಕೂ ಬೈಯುವುದಿಲ್ಲ. ಆದರೆ ಇಷ್ಟು ತಿಂಗಳು ನಾನು ಹೇಗೆ ಸುಮ್ಮನಿದ್ದೆ ಗೊತ್ತೇ? ಆ ನಾಟಕದ ಧೈರ್ಯದಲ್ಲಿ. ಮದುವೆಯಾದ ವರ್ಷ ನೀವೇ ಮದ್ದೂರಿಗೆ ಕರೆದುಕೊಂಡು ಹೋಗಿ ತೋರಿಸಿದಿರಲ್ಲ, "ಎರಡನೇ ಗಂಗಳ". ಅಪ್ಪನ ಮಾತಿಗೆ ಮುನಿದು ಮನೆ ಬಿಟ್ಟ ಗಂಡ, ದಿನಾ ಅವನ ಗಂಗಳಕ್ಕೂ ಮುದ್ದೆ ಬಡಿಸಿಟ್ಟು ಹಾಡುವ ಹೆಂಡತಿ. ಕೊನೆಗೆ ಅವನು ಹಾಡುತ್ತಲೇ ಅಂಗಳಕ್ಕೆ ಬಂದಾಗ ಜನ ಒನ್ಸ್ ಮೋರ್ ಕೂಗಿ, ಅವನನ್ನು ಹೊರಗೆ ಕಳಿಸಿ ಮತ್ತೆ ಕರೆಸಿದರು, ನಾನೂ ಕೂಗಿದ್ದೆ. ನೀವು ಹೋದ ಮೇಲೆ ಬಸರಾಳಿನಲ್ಲಿ ಆಡಿದಾಗ ತೇಜುವನ್ನು ಕಟ್ಟಿಕೊಂಡು ಹೋಗಿ ಇನ್ನೊಂದು ಸಲ ನೋಡಿದೆ. ಅವಳ ಹಾಗೇ ನಾನೂ ನಿಮ್ಮ ಗಂಗಳ ತೊಳೆದು ಇಡುತ್ತಾ ಬಂದೆ. ನೀವು ಬಂದೇ ಬರುತ್ತೀರಿ ಅಂದುಕೊಂಡೆ.

ಹಬ್ಬದ ಹಿಂದಿನ ದಿನ ತೇಜುವಿನ ಸ್ಕೂಲಿನ ವೀಣ ಟೀಚರು ಆ ನಾಟಕದ ಮೂಲ ಕಾದಂಬರಿ ತಂದುಕೊಟ್ಟರು. ಎಳ್ಳು ಹುರಿಯುವುದನ್ನೂ ಬಿಟ್ಟು ಆಸೆಯಿಂದ ಓದಿದೆ. ಅಯ್ಯೋ, ಯಾಕಾದರೂ ಓದಿದೆನೋ. ಪುಸ್ತಕದಲ್ಲಿ ಅವನು ಬರುವುದೇ ಇಲ್ಲ. ಅಲ್ಲ, ಬರುತ್ತಾನೆ. ಒಂದು ಸಂಜೆ ಬೇಲಿ ಹತ್ತಿರ ನಿಲ್ಲುತ್ತಾನೆ. ಒಳಗೆ ದೀಪ, ನಗು. ತಾನಿಲ್ಲದೆಯೂ ಇವರು ಸುಖವಾಗಿದ್ದಾರೆ ಅಂದುಕೊಂಡು ತಿರುಗಿ ಹೋಗುತ್ತಾನೆ. ಅವಳಿಗೆ ಅದು ಗೊತ್ತೇ ಆಗುವುದಿಲ್ಲ. ಗಂಗಳ ತೊಳೆಯುತ್ತಲೇ ಮುದುಕಿಯಾಗಿ ಸಾಯುತ್ತಾಳೆ.

ಸಿಟ್ಟು ತಡೆಯಲಾರದೆ, ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಶಿವರಾಮು ಅವರ ಮನೆಗೇ ಹೋದೆ. ಜನಕ್ಕೆ ಸುಳ್ಳು ತೋರಿಸಿದಿರಲ್ಲ ಅಂದೆ. ಅವರು ತಣ್ಣಗೆ, "ಎಲ್ರೂ ಒಟ್ಗೆ ನಿಂತು ಮಂಗಳ ಆಡ್ದೆ ಪರದೆ ಬುಡಂಗಿಲ್ಲ ಕಣಮ್ಮ. ಗಂಡ ಬರ್ದೆ ಮಂಗಳ ಎಂಗಾಡ್ಸ್ಲಿ?" ಅಂದರು. ಅಷ್ಟೇ ನೋಡಿ. ಮಂಗಳ ಹಾಡುವುದಕ್ಕೆ ಒಬ್ಬ ಗಂಡ ಬೇಕಿತ್ತು, ಕರೆಸಿದರು. ನಾನು ಅದನ್ನು ನಂಬಿಕೊಂಡು ಕೂತೆ. ನಮ್ಮ ಮನೆಗೆ ಯಾವ ಮೇಷ್ಟ್ರು ಬಂದು ನಿಮ್ಮನ್ನು ಕರೆಸುತ್ತಾರೆ?

ಸಂಕ್ರಾಂತಿಗೂ ನೀವು ಬರಲಿಲ್ಲ. ದನಗಳಿಗೆ ಕಿಚ್ಚು ಹಾಯಿಸುವಾಗ ನಮ್ಮ ಹಸುವಿನ ಹಗ್ಗ ಪಕ್ಕದ ಮನೆಯವರು ಹಿಡಿದರು. ನನಗೆ ದಿಕ್ಕೇ ತೋಚುತ್ತಿಲ್ಲ ರೀ. ಜಗಳ ಆಡುವುದಕ್ಕಾದರೂ ಬನ್ನಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ತೇಜು ನಮಸ್ಕಾರ ಹೇಳಿದ್ದಾನೆ. ಮಾವನವರು ಏನೂ ಹೇಳಿಲ್ಲ, ಆದರೆ ಕಾಗದ ಯಾರಿಗೆ ಅಂತ ಕೇಳಿ ಪೆನ್ನು ತಂದುಕೊಟ್ಟವರು ಅವರೇ.

ನಿಮ್ಮ ದಾರಿ ನೋಡುತ್ತಿರುವ,
ಮೋಹಿನಿ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಡೈರಿ ಕಟ್ಟೆಯ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಹಾಲು ಅಳೆಯುವ ಚೌಡಯ್ಯಣ್ಣ ಈಗ ತಾನೇ ಅಂದರು: "ತೇಜು ಉಟ್ಟಿದಬ್ಬದ ದಿನ ನಿನ್ ಗಂಡ ಕೆಂಪರಾಜು ಬಂದಿದ್ದ ಕಣವ್ವ. ನಿಮ್ಮನೆ ಬೇಲಿ ತಾವ ನಿಂತಿದ್ದ. ಒಳ್ಗೆ ನಗಾದ್ ಕೇಳಿ, ಚೆನ್ನಾಗವ್ರೆ ಬುಡು ಅಂದು ಅಂಗೇ ಓದ. ಏಳ್ಬ್ಯಾಡ ಅಂದಿದ್ದ, ತಡ್ಕಂಡಿದ್ದೆ." ರೀ, ಅವತ್ತು ನಾವು ನಕ್ಕಿದ್ದು ಯಾಕೆ ಗೊತ್ತಾ? ತೇಜು ನಿಮ್ಮ ಖಾಕಿ ಅಂಗಿ ತೊಟ್ಟು, ಟೆಸ್ಟರು ಕಿವಿಗೆ ಸಿಕ್ಕಿಸಿಕೊಂಡು, "ಮೋಟ್ರು ಸುಟ್ಟೋಗದೆ ಕಣಣ್ಣ" ಅಂತ ನಿಮ್ಮನ್ನೇ ಆಡಿ ತೋರಿಸುತ್ತಿದ್ದ. ಮಾವನವರು ನಗುನಗುತ್ತಲೇ ಅತ್ತುಬಿಟ್ಟರು, ಮುದ್ದೆ ಮುರಿಯದೆ ಎದ್ದುಹೋದರು. ಇನ್ನೊಂದು ಗಳಿಗೆ ನಿಂತಿದ್ದರೆ ನಿಮಗೆ ಅದೂ ಕೇಳಿಸುತ್ತಿತ್ತು. ಇನ್ನು ನಾನು ಕಾಯುವವಳಲ್ಲ. ಭಾನುವಾರ ಮೊದಲ ಬಸ್ಸಿಗೆ ತೇಜುವನ್ನು ಕರೆದುಕೊಂಡು ಬರುತ್ತೇನೆ, ನಿಮ್ಮ ಗಂಗಳವನ್ನೂ ತರುತ್ತೇನೆ. ನಿಮ್ಮ ಅಂಗಡಿಯೊಳಗಿಂದ ಎಷ್ಟೇ ನಗು ಕೇಳಿಸಿದರೂ ನಾನು ತಿರುಗಿ ಹೋಗುವುದಿಲ್ಲ.