ಆರನ್ ಗೋರಿಯ ಕಲ್ಲುಗಳು

ಮೇ 24, ಭಾನುವಾರ

ಕೇಳಿ ಮಾಡಬೇಕಿತ್ತು. ಪಕ್ಕದ ಮನೆಯ ಮಿರಿಯಮ್ ಅವರಿಗೆ ಕಣ್ಣು ಕಾಣುವುದಿಲ್ಲ. ಅವರ ಸೋದರಮಾವ ಆರನ್ ರಷ್ಯಾದಿಂದ ವಲಸೆ ಬಂದು, ಸಿಯಾಟಲ್‌ನ ಮರದ ಮಿಲ್ಲಿನಲ್ಲಿ ಕೂಲಿ ಮಾಡಿ, ಸೈನ್ಯ ಸೇರಿ ಯುದ್ಧದಲ್ಲಿ ಸತ್ತವನು. ನಾಳೆ, ಮಡಿದ ಸೈನಿಕರ ಸ್ಮರಣೆಯ ದಿನ, ಮಿರಿಯಮ್ ಅವರನ್ನು ಸ್ಮಶಾನಕ್ಕೆ ಕರೆದೊಯ್ಯುವ ಮೊದಲು ಚೆನ್ನಾಗಿರಲೆಂದು ಬೆಳಿಗ್ಗೆ ಹೋಗಿ ಅವನ ಗೋರಿ ತೊಳೆದೆ. ಮೇಲಿದ್ದ ಕಲ್ಲುಗಳನ್ನು ಕಸದ ತೊಟ್ಟಿಗೆ ಹಾಕಿ ಸೇವಂತಿಗೆ ಇಟ್ಟೆ.

ಸಂಜೆ ಮಿರಿಯಮ್ ತಾವಾಗಿಯೇ ಹೇಳಿದರು: “ನಾವು ಯಹೂದಿಗಳು ಹೂ ಇಡಲ್ಲಮ್ಮ, ಕಲ್ಲು ಇಡ್ತೀವಿ. ನಮ್ಮಮ್ಮ ಇಟ್ಟಿದ್ದು ಮುಟ್ಟಿದ್ರೇ ಗೊತ್ತಾಗುತ್ತೆ.”

ಮತ್ತೆ ಸ್ಮಶಾನಕ್ಕೆ ಓಡಿದೆ. ತೊಟ್ಟಿ ಖಾಲಿಯಾಗಿತ್ತು.

“ಬೇರೆ ಕಲ್ಲಿಡು, ಅವರಿಗೇನು ಕಾಣುತ್ತಾ?” ಎಂದ ಮನೆಯಲ್ಲಿ ನನ್ನ ಗಂಡ ಶರತ್.

ಹಿತ್ತಲಿಂದ ಏಳು ಕಲ್ಲು ಆರಿಸಿ ತಂದಿದ್ದೇನೆ. ಕಣ್ಣು ಮುಚ್ಚಿ ಒಂದೊಂದನ್ನೂ ಮುಟ್ಟಿದೆ. ಒಂದೂ ಯಾರ ಅಮ್ಮನದೂ ಅಲ್ಲ. ನಾಳೆ ಅವರ ಕೈ ಹಿಡಿದು ಗೋರಿಯ ಮೇಲಿಟ್ಟಾಗ ನಾನು ಯಾವ ಬಾಯಲ್ಲಿ ಇವು ನಿಮ್ಮಮ್ಮ ಇಟ್ಟವೇ ಎನ್ನಲಿ?